ಬ್ರೂಕ್ಸ್ ಜಲಪಾತದ ಕರಡಿಗಳು: ಆಗಸ್ಟ್ ಬೇಡ, ಜುಲೈಗೆ ಹೋಗಿ

ನಮಸ್ಕಾರ. 68 ವರ್ಷದ ಅಮ್ಮನನ್ನು ಕರೆದುಕೊಂಡು ಆಗಸ್ಟ್ ನಡುವೆ ಅಮೆರಿಕದ ಅಲಾಸ್ಕಾದ ಆಂಕರೇಜ್‌ ನಗರದಿಂದ ಫ್ಲೋಟ್‌ಪ್ಲೇನ್‌ನಲ್ಲಿ (ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ) ಹೋಗಿ, ಕಟ್ಮೈ ರಾಷ್ಟ್ರೀಯ ಉದ್ಯಾನದ ಕರಡಿಗಳನ್ನು ಒಂದೇ ದಿನದಲ್ಲಿ ನೋಡಿ ಬರಬಹುದೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ ಬರಬಹುದು, ಆದರೆ ದಯವಿಟ್ಟು ತಿಂಗಳು ಬದಲಿಸಿ. ಆ ಉದ್ಯಾನದ ಬ್ರೂಕ್ಸ್ ಜಲಪಾತದಲ್ಲಿ ಸಾಲ್ಮನ್ ಮೀನುಗಳು ದಂಡುದಂಡಾಗಿ ಮೇಲಕ್ಕೆ ಹಾರುವುದು ಜುಲೈಯಲ್ಲಿ. ಕಂದು ಕರಡಿಗಳು ಜಲಪಾತದ ಅಂಚಿನಲ್ಲಿ ನಿಂತು ಹಾರುವ ಮೀನಿಗೆ ಬಾಯೊಡ್ಡುವ ಆ ನೋಟ ಸಿಗುವುದೂ ಆಗಲೇ. ಆಗಸ್ಟ್‌ನಲ್ಲಿ ಬಹಳಷ್ಟು ಕರಡಿಗಳು ಬೇರೆ ಹೊಳೆಗಳತ್ತ ಹೋಗಿರುತ್ತವೆ. ಸೆಪ್ಟೆಂಬರ್‌ಗೆ ಮರಳುತ್ತವೆ, ಆದರೆ ಆಗ ಹೆಚ್ಚಾಗಿ ಹೊಳೆಯ ಕೆಳಭಾಗದಲ್ಲಿ, ಮೊಟ್ಟೆಯಿಟ್ಟು ಸಾಯುವ ಮೀನುಗಳನ್ನು ಹೆಕ್ಕಿ ತಿನ್ನುತ್ತಾ ಇರುತ್ತವೆ. ಚಳಿಗಾಲದ ನಿದ್ದೆಗೆ ಮೈ ತುಂಬಿಕೊಂಡ ಆ ಕರಡಿಗಳೂ ನೋಡಲು ಬಲು ಚೆಂದ.

ಅಮ್ಮನ ವಿಷಯ. ವಿಮಾನ ಸರೋವರದ ನೀರಿನ ಮೇಲೇ ಇಳಿಯುತ್ತದೆ. ಅದರ ತೇಲುಪಟ್ಟಿಯ ಮೇಲೆ ಕಾಲಿಟ್ಟು ಇಳಿಯುವಾಗ ನೀವು ಅವರ ಕೈ ಹಿಡಿದಿರಿ. ಅಲ್ಲಿಂದ ಜಲಪಾತಕ್ಕೆ ಸುಮಾರು 2 ಕಿಲೋಮೀಟರ್ ನಡಿಗೆ. ದಾರಿಗೆ ಕರಡಿ ಅಡ್ಡ ಬಂದರೆ ಅದು ಹೋಗುವವರೆಗೆ ಕಾಯಲೇಬೇಕು, ಹಾಗಾಗಿ ಅವಸರದ ಲೆಕ್ಕ ಹಾಕಬೇಡಿ. ಇಳಿದ ಕೂಡಲೇ ರೇಂಜರ್‌ಗಳು ಸುರಕ್ಷತೆಯ ಪಾಠ ಹೇಳುತ್ತಾರೆ, ಅದು ಎಲ್ಲರಿಗೂ ಕಡ್ಡಾಯ. ಕರಡಿಯಿಂದ 50 ಗಜ ದೂರವಿರಬೇಕು. ಚಕ್ಕುಲಿ, ಕೋಡುಬಳೆ ಏನೇ ತಂದಿದ್ದರೂ ಗೊತ್ತುಪಡಿಸಿದ ಜಾಗದಲ್ಲೇ ಇಟ್ಟು, ಅಲ್ಲೇ ತಿನ್ನಬೇಕು.

ಇನ್ನೊಂದು ಮಾತು: ಮಂಜು ಕವಿದರೆ ವಿಮಾನ ಹಾರುವುದಿಲ್ಲ. ಅದೇ ರಾತ್ರಿ ಊರಿಗೆ ಮರಳುವ ಟಿಕೆಟ್ ಮಾಡಿಸಬೇಡಿ, ಮಧ್ಯೆ ಒಂದು ದಿನ ಖಾಲಿ ಬಿಡಿ.