ಪಂಜರದ ಚಿಲಕ ಯಾವ ಕಡೆಗಿದೆ?

ಪ್ರಿಯ ಓದುಗರೆ,

ನಿಮ್ಮ ಪತ್ರದಲ್ಲಿ ಒಂದು ದೂರಿದೆ, ಎರಡು ಪ್ರಶ್ನೆಗಳಿವೆ. ಹಕ್ಕಿ, ಪಂಜರ, ಸಂಕೋಲೆ, ಆಕಾಶ ಇರುವ ಪದ್ಯಗಳನ್ನು ಪತ್ರಿಕೆಗಳು ‘ಸವೆದ ಪ್ರತಿಮೆ’ ಎಂದು ಹಿಂದಿರುಗಿಸುತ್ತವೆ, ಹೆಣ್ಣಿನ ಸ್ಥಿತಿಯೇ ಹಾಗಿರುವಾಗ ಪ್ರತಿಮೆ ಮಾತ್ರ ಹಳತಾಗುವುದು ಹೇಗೆ ಎಂಬುದು ದೂರು. ಸ್ತ್ರೀವಾದಿ ಕವಿತೆಯಲ್ಲಿ ಸಂಕೇತ ಕೆಲಸ ಮಾಡಿದೆಯೇ ಎಂದು ತಿಳಿಯುವುದು ಹೇಗೆ? ಗಂಡಸು ಬರೆದ ಪಂಜರದ ಪದ್ಯವನ್ನು ಈ ಸಾಲಿಗೆ ಸೇರಿಸಬಹುದೆ? ಇವು ಪ್ರಶ್ನೆಗಳು.

ಹಳೆಯ ಪ್ರತಿಮೆ ಎಂಬ ಒಂದೇ ಕಾರಣಕ್ಕೆ ಯಾವ ಪದ್ಯವನ್ನೂ ಹಿಂದಿರುಗಿಸಬೇಕಿಲ್ಲ. ಪಂಜರ ಎಂಬ ಪದವನ್ನಿಟ್ಟು ಪಂಜರ ಕಟ್ಟುವುದನ್ನು ಮರೆತ ಪದ್ಯಗಳೇ ತೊಂದರೆ ಕೊಡುವುದು. ಪಂಜರವೆಂದ ಮೇಲೆ ಅದಕ್ಕೊಬ್ಬ ಯಜಮಾನ ಇರಬೇಕು, ಕಾಳು ಹಾಕುವ ಕೈಯಿರಬೇಕು, ಚಿಲಕ ಒಳಗೋ ಹೊರಗೋ ಒಂದು ಕಡೆಗಿರಬೇಕು. ಇಂಗ್ಲೆಂಡಿನ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಸ್ತ್ರೀಯರ ಹಕ್ಕುಗಳನ್ನು ಕುರಿತು ಬರೆದ ಗ್ರಂಥದಲ್ಲಿ ಈ ಹಕ್ಕಿ ಬರುತ್ತದೆ. ಪಂಜರದ ಹಕ್ಕಿಗಳಂತೆ ಹೆಂಗಸರಿಗೂ ತಮ್ಮ ಗರಿ ತೀಡಿಕೊಳ್ಳುವುದೊಂದೇ ಕೆಲಸ ಎನ್ನುತ್ತಾರೆ ಆಕೆ. ಅಷ್ಟಕ್ಕೇ ನಿಲ್ಲುವುದಿಲ್ಲ. ದುಡಿಯದೆ ಅನ್ನ ಬಟ್ಟೆ ಸಿಗುತ್ತದೆ ನಿಜ, ಅದಕ್ಕೆ ಬದಲಾಗಿ ಆರೋಗ್ಯ, ಸ್ವಾತಂತ್ರ್ಯ, ಸದ್ಗುಣ ಇವನ್ನು ಕೊಡಬೇಕಾಗುತ್ತದೆ ಎಂದು ಲೆಕ್ಕವನ್ನೂ ಬಿಡಿಸಿಡುತ್ತಾರೆ. ಅದು ಗದ್ಯ, ವಾದಕ್ಕಾಗಿ ಬರೆದದ್ದು. ಆದರೂ ಇಂದಿನ ಎಷ್ಟೋ ಪದ್ಯಗಳಿಗಿಂತ ಆ ಪಂಜರ ಗಟ್ಟಿ, ಏಕೆಂದರೆ ಅಲ್ಲಿ ಕೊಡುಕೊಳ್ಳುವ ವ್ಯವಹಾರ ಕಾಣುತ್ತದೆ.

ಇರಾನಿನ ಕವಿ ಫರೂಗ್ ಫರ್ರೊಖ್‌ಝಾದ್ ಅವರ ಮೊದಲ ಸಂಕಲನ 1955ರ ‘ಅಸೀರ್’, ಎಂದರೆ ಸೆರೆಯಾಳು. ಅದೇ ಹೆಸರಿನ ಪದ್ಯದಲ್ಲಿ ಹಕ್ಕಿ, ಪಂಜರ, ಆಕಾಶ, ಜೈಲರು ಎಲ್ಲರೂ ಇದ್ದಾರೆ, ನೀವು ಹೇಳುವ ಹಳೆಯ ಸಾಮಾನೆಲ್ಲ. ಆದರೆ ಸರಳುಗಳ ಆಚೆಯಿಂದ ಒಂದು ಮಗು ದಿನಾ ಬೆಳಗ್ಗೆ ಸೆರೆಯಲ್ಲಿರುವ ಹೆಣ್ಣಿನ ಮುಖ ನೋಡಿ ನಗುತ್ತದೆ. ಜೈಲರು ತಾನಾಗಿ ಬಾಗಿಲು ತೆಗೆದರೂ ಹಾರುವಷ್ಟು ಉಸಿರು ತನ್ನಲ್ಲಿ ಉಳಿದಿಲ್ಲ ಎಂದು ಅವಳಿಗೆ ಗೊತ್ತು. ಹಾರಿಹೋದರೆ ಅಳುವ ಮಗುವಿನ ಕಣ್ಣಿಗೆ ಏನು ಹೇಳುವುದು ಎಂಬ ಪ್ರಶ್ನೆ ಬೇರೆ. ಪದ್ಯದ ಜೀವ ಈ ನೋಟದಲ್ಲಿದೆ. ಕಬ್ಬಿಣದ ಸರಳನ್ನು ಮುರಿಯಬಹುದು, ಮಗುವಿನ ನಗುವನ್ನು ಮುರಿಯುವುದು ಹೇಗೆ? ದಬ್ಬಾಳಿಕೆ ಪ್ರೀತಿಯ ವಸ್ತುವನ್ನೇ ಕಾವಲಿಗೆ ನಿಲ್ಲಿಸಿಕೊಳ್ಳುವ ಬಗೆ ಇಲ್ಲಿ ಯಾವ ವ್ಯಾಖ್ಯಾನವೂ ಇಲ್ಲದೆ ಅರ್ಥವಾಗುತ್ತದೆ.

ಪಂಜರವನ್ನೇ ಕೈಬಿಟ್ಟು ಹಕ್ಕಿಯನ್ನು ಮಾತ್ರ ಉಳಿಸಿಕೊಂಡವರು ಕಮಲಾ ದಾಸ್. ಅವರ 1973ರ ‘ದಿ ಓಲ್ಡ್ ಪ್ಲೇಹೌಸ್’ ಪದ್ಯದ ಗಂಡ ಬಾನಾಡಿಯೊಂದನ್ನು ಪಳಗಿಸಲು ಹೊರಟವನು. ಅವನು ಬಳಸುವುದು ತನ್ನ ಪ್ರೀತಿಯ ದೀರ್ಘ ಬೇಸಿಗೆಯನ್ನು. ಆ ಬೆಚ್ಚಗಿನಲ್ಲಿ ಹಕ್ಕಿ ಹಾರುವ ತನ್ನ ಸ್ವಭಾವವನ್ನೇ ಮರೆಯಬೇಕು. ಮುಂದೆ ಕೋಣೆಯೊಳಗೆ ಬನ್ನಿ: ಕಿಟಕಿಗಳು ಸದಾ ಮುಚ್ಚಿವೆ, ಏರ್ ಕಂಡಿಷನರ್ ಇದ್ದೂ ಅಷ್ಟಕ್ಕಷ್ಟೆ, ಹೂದಾನಿಯ ಹೂಗಳಿಗೆ ಬೆವರಿನ ವಾಸನೆ ಹತ್ತಿದೆ. ಹೆಂಡತಿಯ ಕೆಲಸ ಅವನ ಟೀಗೆ ಸ್ಯಾಕರಿನ್ ಹಾಕುವುದು, ಹೊತ್ತಿಗೆ ಸರಿಯಾಗಿ ವಿಟಮಿನ್ ಗುಳಿಗೆ ಕೊಡುವುದು. ಸ್ಯಾಕರಿನ್ ಎಂಬ ಒಂದು ಪದಾರ್ಥದ ಹೆಸರು ಇಡೀ ದಾಂಪತ್ಯದ ಸಿಹಿಯನ್ನು ಅನುಮಾನಕ್ಕೀಡುಮಾಡುತ್ತದೆ. ಸಂಕೇತವಾಗಿ ಮೆರೆಯಬೇಕೆಂಬ ಹಟವೇ ಇಲ್ಲದ ವಸ್ತುಗಳು ಎಷ್ಟೋ ಸಲ ಸಂಕೇತದ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತವೆ.

ಒಂದೇ ವಸ್ತುವನ್ನು ಇಬ್ಬರು ಬಳಸಿದ್ದನ್ನು ಪಕ್ಕಪಕ್ಕ ಇಟ್ಟು ಓದಿದರೆ ಕಲಿಯುವುದು ಹೆಚ್ಚು. ಮದುವೆಯ ಉಂಗುರವನ್ನೇ ತೆಗೆದುಕೊಳ್ಳಿ. ಫರೂಗ್ ಅವರ ‘ಉಂಗುರ’ ಎಂಬ ಪದ್ಯದಲ್ಲಿ ಹುಡುಗಿ ಚಿನ್ನದುಂಗುರದ ಗುಟ್ಟೇನೆಂದು ನಗುತ್ತ ಕೇಳುತ್ತಾಳೆ. ಎಷ್ಟೋ ಕಾಲದ ಮೇಲೆ, ಅಯ್ಯೋ, ಇದು ಗುಲಾಮಗಿರಿಯ ಬಳೆ ಎಂದು ಕಂಡುಕೊಳ್ಳುತ್ತಾಳೆ. ಅಮೆರಿಕನ್ ಕವಿ ಏಡ್ರಿಯನ್ ರಿಚ್ ಅವರ 1951ರ ‘ಆಂಟ್ ಜೆನಿಫರ್ಸ್ ಟೈಗರ್ಸ್’ ಹನ್ನೆರಡೇ ಸಾಲಿನ ಪದ್ಯ. ಕಸೂತಿ ಹಾಕುವ ಚಿಕ್ಕಮ್ಮನ ಬೆರಳುಗಳು ನಡುಗುತ್ತವೆ, ದಂತದ ಸೂಜಿಯನ್ನೆಳೆಯುವುದೂ ಕಷ್ಟ, ಏಕೆಂದರೆ ಕೈಮೇಲೆ ಚಿಕ್ಕಪ್ಪನ ಮದುವೆಯುಂಗುರದ ಭಾರವಿದೆ. ಮೊದಲನೆಯದು ಉಂಗುರದ ಅರ್ಥ ಹೇಳುತ್ತದೆ, ಎರಡನೆಯದು ತೂಕ ಕೊಡುತ್ತದೆ. ನಮ್ಮ ಮತ ಎರಡನೆಯದಕ್ಕೆ. ಅರ್ಥ ಹೇಳಿದ ಕೂಡಲೇ ಓದುಗರ ಪಾಲಿನ ಕೆಲಸ ಮುಗಿಯಿತು. ತೂಕವನ್ನಾದರೆ ಅವರೂ ಸ್ವಲ್ಪ ಹೊತ್ತು ಹೊರಬೇಕಾಗುತ್ತದೆ.

ರಿಚ್ ಪದ್ಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಿಕ್ಕಮ್ಮ ಹೆಣೆದ ಹುಲಿಗಳು ಯಾರಿಗೂ ಹೆದರದೆ ನಡೆಯುತ್ತಿವೆ. ಆಕೆ ಸತ್ತ ಮೇಲೂ ಅವು ನಡೆಯುತ್ತವೆ, ಕೈಗಳು ಮಾತ್ರ ಪಟ್ಟ ಪಾಡುಗಳನ್ನು ಸುತ್ತಿಕೊಂಡೇ ಮಲಗಿರುತ್ತವೆ. ಬಿಡುಗಡೆಯ ಸಂಕೇತವೂ ಸೆರೆಯ ಸಂಕೇತವೂ ಹುಟ್ಟುವುದು ಅದೇ ಬೆರಳು, ಅದೇ ಉಣ್ಣೆಯಿಂದ. ಪತ್ರಿಕೆಗಳಿಗೆ ಬರುವ ಬಹುಪಾಲು ಪದ್ಯಗಳು ಸೋಲುವುದು ಇಲ್ಲಿಯೇ. ಸೆರೆಯ ಭಾಗ ಒಂದಿಷ್ಟು ನಿಜವಾಗಿರುತ್ತದೆ, ಆಮೇಲೆ ಎಲ್ಲಿಂದಲೋ ಒಂದು ಆಕಾಶ ಬರುತ್ತದೆ. ಆ ಆಕಾಶಕ್ಕೆ ಬಿಸಿಲಿಲ್ಲ, ಮಳೆಯಿಲ್ಲ, ಹದ್ದಿಲ್ಲ. ಹಾರಿದವಳು ಎಲ್ಲಿ ಇಳಿದಳು, ರಾತ್ರಿ ಎಲ್ಲಿದ್ದಳು ಎಂದು ಪದ್ಯ ಕೇಳಿಕೊಳ್ಳುವುದೂ ಇಲ್ಲ. 1973ರ ‘ಡೈವಿಂಗ್ ಇನ್‌ಟು ದಿ ರೆಕ್’ ಪದ್ಯದಲ್ಲಿ ಅದೇ ರಿಚ್ ಬಿಡುಗಡೆಯ ದಿಕ್ಕನ್ನೇ ಕೆಳಗೆ ತಿರುಗಿಸಿದರು. ಅಲ್ಲಿ ಸಮುದ್ರದಾಳಕ್ಕೆ ಇಳಿಯುವವರ ಬಳಿ ಚಾಕು, ಕ್ಯಾಮೆರಾ, ಪುರಾಣಗಳ ಪುಸ್ತಕವಿದೆ. ಏಣಿಯಿಳಿಯಲು ಕಾಲಿನ ರಬ್ಬರ್ ರೆಕ್ಕೆಗಳೇ ಅಡ್ಡಿ. ಪುಸ್ತಕದಲ್ಲಿ ತಮ್ಮ ಹೆಸರಿಲ್ಲವೆಂದೇ ಒಡೆದ ಹಡಗನ್ನು ಕಣ್ಣಾರೆ ನೋಡಲು ಹೊರಟದ್ದು. ಇಂಥ ಬಿಡುಗಡೆಗೆ ಸಲಕರಣೆ ಬೇಕು, ಅಪಾಯವೂ ಉಂಟು.

ಇದಕ್ಕಿಂತ ಮೋಸದ ಸಂಕೇತಗಳೆಂದರೆ ಭೂಮಿ ಮತ್ತು ನದಿ. ‘ಅವಳು ಧರಿತ್ರಿ, ಎಲ್ಲವನ್ನೂ ಸಹಿಸುವಳು’ ಎಂಬ ಪದ್ಯ ಹೆಣ್ಣಿನ ಪರವಾಗಿದ್ದಂತೆ ಕಾಣುತ್ತದೆ. ಆದರೆ ನೆಲಕ್ಕೆ ನೋವಿಲ್ಲ, ಉಳುವವನಿಗೆ ಅದು ಬೇಡ ಎನ್ನುವುದೂ ಇಲ್ಲ. ಸಹನೆಯನ್ನು ಹೊಗಳಿದಷ್ಟೂ ಸಹಿಸಬೇಕಾಗಿ ಬಂದದ್ದು ಸಹಜವೆನಿಸಿಬಿಡುತ್ತದೆ. ಇದನ್ನು ಮುರಿಯುವ ದಾರಿ ಉಂಟು. 1964ರ ‘ಇನ್ನೊಂದು ಹುಟ್ಟು’ ಪದ್ಯದಲ್ಲಿ ಫರೂಗ್ ತನ್ನ ಕೈಗಳನ್ನು ತಾನೇ ತೋಟದಲ್ಲಿ ನೆಡುತ್ತಾಳೆ. ಮಸಿ ಹತ್ತಿದ ಬೆರಳುಗಳ ಸಂದಿಯಲ್ಲಿ ಹಕ್ಕಿಗಳು ಮೊಟ್ಟೆಯಿಡುತ್ತವೆ. ನೆಡುವವಳೂ ಅವಳೇ, ಚಿಗುರುವವಳೂ ಅವಳೇ, ಬೆರಳಿನ ಮಸಿ ಬರವಣಿಗೆಯದು.

ಅಕ್ಕನ ವಚನಗಳ ಬಗ್ಗೆ ಒಂದು ಎಚ್ಚರಿಕೆ. ತನ್ನ ನೂಲು ತನ್ನನ್ನೇ ಸುತ್ತಿ ಸಾಯುವ ತೆರಣಿಯ ಹುಳು ಸೆರೆಯ ಅದ್ಭುತ ಪ್ರತಿಮೆ, ಸ್ತ್ರೀವಾದಿ ಲೇಖನಗಳಿಗೆ ಕೂಡಲೇ ಒದಗಿಬರುತ್ತದೆ. ವಚನದೊಳಗೆ ಅದು ಮನಸ್ಸಿನ ದುರಾಶೆಯ ಬಂಧನ. ಬಿಡಿಸು ಎಂದು ಅವಳು ಕೇಳುತ್ತಿರುವುದು ಚೆನ್ನಮಲ್ಲಿಕಾರ್ಜುನನನ್ನು. ನಮ್ಮ ಕಾಲದ ಓದನ್ನು ಅದರ ಮೇಲೆ ಇಡಬಹುದು, ಆದರೆ ಇಟ್ಟವರು ನಾವು ಎಂದು ಹೇಳಿಯೇ ಇಡಬೇಕು.

ಇನ್ನು ಪರೀಕ್ಷೆಗೆ ಬರೋಣ. ಪೆನ್ಸಿಲ್ ಹಿಡಿದು ಕುಳಿತು, ಪದ್ಯದಲ್ಲಿ ‘ಪಂಜರ’ ಇರುವಲ್ಲೆಲ್ಲ ‘ಸಂಕೋಲೆ’ ಎಂದು ಬರೆದು ಓದಿ ನೋಡಿ. ಏನೂ ಏರುಪೇರಾಗದೆ ಪದ್ಯ ನಡೆದರೆ ಅಲ್ಲಿ ಪಂಜರ ಇರಲೇ ಇಲ್ಲ. ಆಮೇಲೆ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ‘ಬಂಧಿಸಲ್ಪಟ್ಟೆ’, ‘ರೆಕ್ಕೆ ಕತ್ತರಿಸಲಾಯಿತು’ ಎಂಬಂಥವೇ ಸಾಲುಗಟ್ಟಿದ್ದರೆ ಕತ್ತರಿ ಹಿಡಿದವರು ಪದ್ಯದಿಂದ ತಪ್ಪಿಸಿಕೊಂಡಿದ್ದಾರೆ. ಅಪ್ಪನೋ, ಅತ್ತೆಯೋ, ಕಾನೂನೋ, ತಾನೇ ಎಂಬುದು ಒಂದು ಸಾಲಿನಲ್ಲಾದರೂ ಕಾಣಬೇಕು. ಇಪ್ಪತ್ತು ಸಾಲಿನೊಳಗೆ ಪಂಜರ, ಬೆಂಕಿ, ಅಲೆ, ಸಂಕೋಲೆ ನಾಲ್ಕೂ ಬಂದರೆ ಒಂದೂ ನಿಲ್ಲುವುದಿಲ್ಲ. ಒಂದನ್ನು ಉಳಿಸಿಕೊಂಡು ಅದರ ಕೀಲು, ತುಕ್ಕು, ಸದ್ದಿನವರೆಗೂ ಹೋಗಬೇಕು. ಕಡೆಯದಾಗಿ ಕೊನೆಯ ಎರಡು ಸಾಲನ್ನು ಕೈಯಿಂದ ಮುಚ್ಚಿ. ಅವು ಬಹುತೇಕ ಘೋಷಣೆಯೇ ಆಗಿರುತ್ತವೆ, ಮುಚ್ಚಿದ ಮೇಲೆ ಪದ್ಯ ಮೊದಲಿಗಿಂತ ಬಿಗಿಯಾಗುವುದೇ ಹೆಚ್ಚು.

ಗಂಡಸರ ವಿಷಯ. ಪಂಜರದ ಹಕ್ಕಿ ಏಕೆ ಹಾಡುತ್ತದೆಂದು ನನಗೆ ಗೊತ್ತು ಎಂಬ ಪ್ರಸಿದ್ಧ ಸಾಲು ಪಾಲ್ ಲಾರೆನ್ಸ್ ಡನ್‌ಬಾರ್ ಎಂಬ ಕಪ್ಪು ಅಮೆರಿಕನ್ ಕವಿಯದು. ಅದು 1899ರ ಅವರ ಪದ್ಯದಲ್ಲಿದೆ. ಕಪ್ಪು ಅಮೆರಿಕನ್ ಲೇಖಕಿ ಮಾಯಾ ಏಂಜೆಲೊ ಅದನ್ನು 1969ರಲ್ಲಿ ತಮ್ಮ ಆತ್ಮಕಥೆಗೆ ಹೆಸರಾಗಿಟ್ಟರು. 1983ರ ಸಂಕಲನದಲ್ಲಿ ಅದೇ ಹಕ್ಕಿಯ ಮೇಲೆ ಪದ್ಯ ಕಟ್ಟಿ, ಹುಳುಗಳ ಬಗ್ಗೆ ಯೋಚಿಸುತ್ತ ಆಕಾಶವೇ ತನ್ನದೆನ್ನುವ ಸ್ವತಂತ್ರ ಹಕ್ಕಿಯೊಂದನ್ನು ಎದುರಿಗಿಟ್ಟರು. ಹಾಗಾಗಿ ಸಂಕೇತ ಯಾರ ಸ್ವತ್ತೂ ಅಲ್ಲ. ಡನ್‌ಬಾರ್ ಸರಳುಗಳ ಒಳಗಿನಿಂದ ಬರೆದವರು ಎಂಬುದು ಮಾತ್ರ ನೆನಪಿರಲಿ. ಗಂಡಸರು ಬರೆಯುವ ಪದ್ಯಗಳಲ್ಲಿ ಕವಿ ಹೊರಗೆ ನಿಂತು ಅಯ್ಯೋ ಪಾಪ ಎನ್ನುವುದೇ ಹೆಚ್ಚು. ಬೀಗದ ಕೈ ತನ್ನ ಜೇಬಿನಲ್ಲಿದೆ, ಕಾಳು ಹಾಕುವ ಹೊತ್ತು ತನಗೆ ಗೊತ್ತು, ಬಾಗಿಲು ಕಿರುಗುಟ್ಟದಂತೆ ಎಣ್ಣೆ ಬಿಟ್ಟವನೂ ತಾನೇ ಎನ್ನುವ ಕಡೆಯಿಂದ ಬರೆದರೆ ಅದನ್ನು ಈ ಸಾಲಿಗೆ ಸೇರಿಸಲು ನಮ್ಮ ಅಡ್ಡಿಯಿಲ್ಲ.

ಸಂಪಾದಕ