ಬರ್ಟ್ ವಿಲಿಯಮ್ಸ್ ಯಾರು? ಬ್ರಾಡ್‌ವೇ ಚರಿತ್ರೆಯಲ್ಲಿ ಅವರು ಯಾಕೆ ಮುಖ್ಯ?

ಒಂದೇ ಮಾತಲ್ಲಿ ಹೇಳೋದಾದರೆ, ನ್ಯೂಯಾರ್ಕ್‌ನ ಹೆಸರಾಂತ ರಂಗಭೂಮಿ ಕೇಂದ್ರವಾದ ಬ್ರಾಡ್‌ವೇಯ ಮೊದಲ ದೊಡ್ಡ ಕಪ್ಪು ತಾರೆ ಇವರು, ಹಾಸ್ಯನಟ, ಹಾಡುಗಾರ.

ಹುಟ್ಟಿದ್ದು 1874ರಲ್ಲಿ, ಬಹಾಮಾಸ್‌ನಲ್ಲಿ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಾರ್ಜ್ ವಾಕರ್ ಅನ್ನೋ ಇನ್ನೊಬ್ಬ ಕಪ್ಪು ಕಲಾವಿದನ ಜೊತೆ ಹಾಸ್ಯ ಜೋಡಿ ಕಟ್ಟಿದರು. ರಂಗದ ಮೇಲೆ ವಾಕರ್ ಠಾಕುಠೀಕಾದ ಶೋಕಿಲಾಲ, ವಿಲಿಯಮ್ಸ್ ಅದೃಷ್ಟಗೆಟ್ಟ ಪಾಪದವನು. 1903ರಲ್ಲಿ ಇವರ 'ಇನ್ ದಹೋಮಿ' ಬ್ರಾಡ್‌ವೇಗೆ ಬಂತು. ಕಪ್ಪು ಜನರೇ ಬರೆದು, ಕಪ್ಪು ಜನರೇ ಆಡಿದ ಪೂರ್ತಿ ಉದ್ದದ ಸಂಗೀತ ನಾಟಕ ಅಲ್ಲಿನ ದೊಡ್ಡ ರಂಗಮಂದಿರಕ್ಕೆ ಬಂದಿದ್ದು ಅದೇ ಮೊದಲು. ಅದೇ ವರ್ಷ ಲಂಡನ್‌ಗೆ ಹೋಗಿ ಬಕಿಂಗ್‌ಹ್ಯಾಮ್ ಅರಮನೆಯಲ್ಲೂ ಆಡಿದರು.

ನನಗೆ ತುಂಬಾ ನೋವು ಕೊಡೋ ವಿಷಯ ಬೇರೆ ಇದೆ. ವಿಲಿಯಮ್ಸ್ ಮೈಬಣ್ಣ ತಿಳಿಯಾಗಿತ್ತು, ಆದರೂ ಬಿಳಿಯರು ಕಪ್ಪು ಜನರನ್ನು ಅಣಕಿಸೋಕೆ ಬಳಸುತ್ತಿದ್ದ ಅದೇ ಸುಟ್ಟ ಬೆಂಡಿನ ಮಸಿಯನ್ನು ಇವರೂ ಮುಖಕ್ಕೆ ಬಳಿದುಕೊಂಡು ರಂಗಕ್ಕೆ ಬರಬೇಕಿತ್ತು, ಯಾಕಂದ್ರೆ ಆಗಿನ ಪ್ರೇಕ್ಷಕರಿಗೆ ಬೇಕಾಗಿದ್ದೇ ಆ ಮುಖ. ಆ ಮಸಿಯ ಹಿಂದಿನಿಂದಲೇ ಅವರು ನಿಜವಾದ ಮನುಷ್ಯನನ್ನು ತೋರಿಸಿದರು. 'ನೋಬಡಿ' ಹಾಡಿನ 1906ರ ರೆಕಾರ್ಡಿಂಗ್ ಕೇಳಿ. ಅರ್ಧ ಹಾಡು, ಅರ್ಧ ಗೊಣಗಾಟ. ನಗುನೂ ಬರುತ್ತದೆ, ಕರುಳೂ ಹಿಂಡುತ್ತದೆ.

1909ರಲ್ಲಿ ವಾಕರ್ ಕಾಯಿಲೆ ಬಿದ್ದರು, 1911ರಲ್ಲಿ ತೀರಿಕೊಂಡರು. ಅಷ್ಟರಲ್ಲಿ, 1910ರಲ್ಲೇ, ಬ್ರಾಡ್‌ವೇ ನಿರ್ಮಾಪಕ ಜಿಗ್‌ಫೆಲ್ಡ್ ಹಾಡು, ಕುಣಿತ, ಹಾಸ್ಯ ಎಲ್ಲ ಸೇರಿದ ತಮ್ಮ 'ಫಾಲೀಸ್' ಪ್ರದರ್ಶನಕ್ಕೆ ವಿಲಿಯಮ್ಸ್ ಅವರನ್ನು ಕರೆದಿದ್ದರು. ಕೆಲವು ಬಿಳಿ ಕಲಾವಿದರು ತಕರಾರು ಮಾಡಿದರು, ಜಿಗ್‌ಫೆಲ್ಡ್ ಬಗ್ಗಲಿಲ್ಲ. 1919ರವರೆಗೂ ವಿಲಿಯಮ್ಸ್ ಅಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡರು.

1922ರಲ್ಲಿ ಡೆಟ್ರಾಯಿಟ್‌ನಲ್ಲಿ ಪ್ರದರ್ಶನದ ನಡುವೆಯೇ ಕುಸಿದರು. ಮಾರ್ಚ್ 4ರಂದು ತೀರಿಕೊಂಡಾಗ ವಯಸ್ಸು ಬರೀ 47.