ಪ್ಯಾಕೆಟ್ ತಿರುಗಿಸಿ ನೋಡಿ

ಪ್ರಶ್ನೆ: ಮಗ ಡಿಗ್ರಿ ಓದುತ್ತಿದ್ದಾನೆ. ಕುಮಟಾದಲ್ಲಿ ಜಿಮ್ ಸೇರಿದ ಮೇಲೆ ಪ್ರೋಟೀನ್ ಬಿಸ್ಕೆಟ್, ಪ್ರೋಟೀನ್ ಬಾರ್ ಅಂತ ಒಂದೇ ಹಠ. 60 ಗ್ರಾಂ ಬಾರ್‌ಗೆ 120 ರೂಪಾಯಿ! ಅದರಲ್ಲಿ 20 ಗ್ರಾಂ ಪ್ರೋಟೀನ್ ಇದೆಯಂತೆ. ಮನೆಯಲ್ಲಿ ಮೀನು, ಮೊಟ್ಟೆ ಎಲ್ಲ ತಿನ್ನುತ್ತೇವೆ. ಇದಕ್ಕೆ ದುಡ್ಡು ಹಾಕಬೇಕಾ ಮೇಡಂ?
– ಓದುಗರೊಬ್ಬರು, ಗೋಕರ್ಣ

ಉತ್ತರ: ಬಿಸ್ಕೆಟ್ ಅಂತೂ ಬೇಡವೇ ಬೇಡ ಅಕ್ಕಾ.

ಮೊನ್ನೆ ಕಾರವಾರದ ನನ್ನ ಕ್ಲಿನಿಕ್ಕಿಗೆ ಒಬ್ಬ ಹುಡುಗ ಅಂಥದ್ದೇ ಪ್ಯಾಕೆಟ್ ತಂದಿದ್ದ. ಮುಂದೆ ದಪ್ಪ ಅಕ್ಷರದಲ್ಲಿ ‘ಹೈ ಪ್ರೋಟೀನ್’. ಹಿಂದೆ ತಿರುಗಿಸಿದರೆ ಮೊದಲು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ. ಸೋಯಾ ಬಂದಿದ್ದು ನಾಲ್ಕನೆಯದಾಗಿ. ಯಾವುದರ ತೂಕ ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮವಿದೆ. 100 ಗ್ರಾಂನಲ್ಲಿ 11 ಗ್ರಾಂ ಪ್ರೋಟೀನ್ ಅಂತಿತ್ತು. ಆದರೆ ನಾಲ್ಕು ಬಿಸ್ಕೆಟ್ ಸೇರಿದರೆ 25 ಗ್ರಾಂ. ಸಿಗುವುದು ಮೂರು ಗ್ರಾಂಗೂ ಕಮ್ಮಿ. ಒಂದು ಮೊಟ್ಟೆಯಲ್ಲೇ ಆರು ಗ್ರಾಂ ಇರುತ್ತದೆ.

ಹಾಗಂತ ಕಂಪನಿಯವರು ಸುಳ್ಳು ಬರೆದಿಲ್ಲ. ದಿನಕ್ಕೆ ಬೇಕಾದ ಪ್ರೋಟೀನಿನಲ್ಲಿ ಶೇ 20ರಷ್ಟು 100 ಗ್ರಾಂ ತಿಂಡಿಯಲ್ಲಿದ್ದರೆ ಹಾಗೆ ಬರೆಯಲು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಬಿಡುತ್ತದೆ. ಅಂದರೆ ಹತ್ತಿರಹತ್ತಿರ 11 ಗ್ರಾಂ. ನಿಮ್ಮ ಡಬ್ಬಿಯ ಗೋಧಿ ಹಿಟ್ಟಿನಲ್ಲೇ 10 ಗ್ರಾಂ ಇದೆ, ಅದಕ್ಕೆ ಜಾಹೀರಾತಿಲ್ಲ ಅಷ್ಟೇ.

ಬಾರ್ ಬಿಸ್ಕೆಟ್ಟಿಗಿಂತ ವಾಸಿ, ಆದರೆ ಬೆಲೆ ನೋಡಿ. 10 ಗ್ರಾಂ ಪ್ರೋಟೀನಿಗೆ 60 ರೂಪಾಯಿ ಬಿತ್ತು. ಮೊಟ್ಟೆ ಏಳು ರೂಪಾಯಿಯಾದರೆ ಅದೇ 10 ಗ್ರಾಂಗೆ 12 ರೂಪಾಯಿ. ಶೇಂಗಾ ಕಿಲೋಗೆ 160 ಅಂತಿಟ್ಟುಕೊಂಡರೂ ಏಳು ರೂಪಾಯಿ ದಾಟುವುದಿಲ್ಲ. ಯಾವ ಪ್ಯಾಕೆಟ್ ಕೈಗೆತ್ತಿಕೊಂಡರೂ ಈ ಲೆಕ್ಕ ಮಾಡಿ.

60 ಕಿಲೋ ತೂಕದವರಿಗೆ ದಿನಕ್ಕೆ 50 ಗ್ರಾಂ ಸಾಕು. ಜಿಮ್‌ನಲ್ಲಿ ಬೆವರು ಸುರಿಸುವವರಿಗೆ 70ರಿಂದ 95 ಬೇಕಾದೀತು. 100 ಗ್ರಾಂ ಬಂಗಡೆಯಲ್ಲಿ ಸುಮಾರು 20 ಗ್ರಾಂ ಇದೆ. ಜೊತೆಗೆ ಎರಡು ಮೊಟ್ಟೆ, ಹೆಸರುಕಾಳಿನ ಗಸಿ, ಒಂದು ಹಿಡಿ ಶೇಂಗಾ, ಮೊಸರು. ಅನ್ನದಲ್ಲೂ ಸ್ವಲ್ಪ ಬರುತ್ತದೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಮೀನು ತುಟ್ಟಿ. ಆಗ ಮೊಟ್ಟೆ, ಕಾಳು ಜಾಸ್ತಿ ಮಾಡಿ. ಒಣಮೀನಿನಲ್ಲಿ ಪ್ರೋಟೀನ್ ಚೆನ್ನಾಗಿಯೇ ಇದೆ, ಉಪ್ಪಿನದ್ದೇ ತಾಪತ್ರಯ.

ಇನ್ನು ನಾಳೆ ಪ್ರೋಟೀನ್ ಪುಡಿಯ ಡಬ್ಬಿ ಕೇಳಿಯೇ ಕೇಳುತ್ತಾನೆ. ಮೈ ಬೆಳೆಸಲು ಅಂಥ ಪುಡಿ ಬೇಡ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲೇ ಹೇಳಿದೆ. ಕಿಡ್ನಿ ತೊಂದರೆ ಇದ್ದವರಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಬೆಳಗಿನ ಬಸ್ಸಿಗೆ ತಿಂಡಿ ಬಿಟ್ಟು ಓಡುವ ದಿನ ಚೀಲದಲ್ಲೊಂದು ಬಾರ್ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಸಕ್ಕರೆ ಎಷ್ಟಿದೆ ಅಂತ ಮಾತ್ರ ಅವನ ಕೈಲೇ ಓದಿಸಿ.